ಕಿವಿಮಾತು 4: ಹೋದ ದನಿ ತಿರುಗಿ ಬರಂಗಿಲ್ಲ

128 ಕೆಬಿಪಿಎಸ್ ಹಾಡನ್ನ 320ಕ್ಕ ಕನ್ವರ್ಟ್ ಮಾಡಿದ್ರ ಕ್ವಾಲಿಟಿ ಹೆಚ್ಚಾಗತೈತಿ ಅನ್ನೋರು ನಿಮ್ಮ ಗ್ರೂಪಿನ್ಯಾಗ ಅದಾರೇನು? ಫೈಲ್ ದಪ್ಪ ಆಗತೈತಿ, ಅಷ್ಟ.

ಸಿಡಿಯಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್ ಇರತಾವ. 128ರ ಎಂಪಿ3 ಅಂದ್ರ ಅದರ ಹನ್ನೊಂದನೇ ಒಂದು ಪಾಲು. ಜೋರು ದನಿಯ ಹಿಂದ ಮುಚ್ಚಿಹೋಗೋ ಸಣ್ಣ ದನಿಗಳನ್ನ 'ಕಿವಿಗೆ ಗೊತ್ತಾಗಂಗಿಲ್ಲ' ಅಂತ ಲೆಕ್ಕ ಹಾಕಿ ತೆಗೆದಿರತಾರ. ಬೆಳಗಾವಿ-ಖಾನಾಪುರ ಬಸ್ಸಿನ ಗದ್ದಲದಾಗ ಖರೇನ ಗೊತ್ತಾಗಂಗಿಲ್ಲ. ಆದರೆ ನಮ್ಮ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರನ್ನ ರಾತ್ರಿ ಒಬ್ಬರ ಕೂತು ಕೇಳ್ರಿ. ಬಿಟ್‌ರೇಟ್ ಬಹಳ ಕಡಿಮೆ ಇದ್ರ ತಂಬೂರಿಯ ಝೇಂಕಾರ ನೀರಾಗ ಮುಳುಗಿದಂಗ ಕೇಳತೈತಿ.

ಹಾಡಾದ್ರ ಚಿಂತಿಲ್ಲ, ಒಳ್ಳೆ ಕಾಪಿ ಇನ್ನೊಂದು ಸಿಗತೈತಿ. ನನ್ನ ಚಿಂತಿ ಬ್ಯಾರೆ. ಖಾನಾಪುರದಾಗ ನಮ್ಮ ಅಜ್ಜಿ ಬೀಸುಕಲ್ಲಿನ ಪದ ಹಾಡತಾಳ. ಎಂಬತ್ತು ದಾಟಿದಾಳ. ಆ ಪದ ನಮ್ಮ ಮನಿಯಾಗ ಬ್ಯಾರೆ ಯಾರಿಗೂ ಬರಂಗಿಲ್ಲ. ಆಕಿ ದನಿ ಬರೇ ವಾಯ್ಸ್ ನೋಟಿನ್ಯಾಗ ಉಳಿಯಬಾರದು, ಅಲ್ಲಿ ದನಿ ಬಹಳ ಹಿಂಡಿರತಾರ.

ಅದಕ್ಕ ನಾನು ವೇವ್ ಫಾರ್ಮ್ಯಾಟಿನಲ್ಲಿ ರೆಕಾರ್ಡ್ ಮಾಡಾಕತ್ತೀನಿ. ಸಿಡಿ ಕ್ವಾಲಿಟಿ ಸ್ಟೀರಿಯೋ ಆದ್ರ ನಿಮಿಷಕ್ಕ ಸುಮಾರು 10 ಎಂಬಿ. ಜಾಗ ಸಾಲದಿದ್ರ ಫ್ಲ್ಯಾಕ್ ಮಾಡ್ರಿ: ಸೈಜು ಹೆಚ್ಚುಕಡಿಮೆ ಅರ್ಧ ಆಗತೈತಿ, ದನಿಯಾಗಿಂದು ಒಂದು ಬಿಟ್ ಕೂಡ ಹೋಗಂಗಿಲ್ಲ. ಯಾರಿಗಾದ್ರೂ ಕಳಸೋದಿದ್ರ ಡಾಕ್ಯುಮೆಂಟ್ ಅಂತ ಕಳಸ್ರಿ. ಎಂಪಿ3 ಬೇಕಂದ್ರ ಆಮ್ಯಾಲ ಮಾಡಕೋಬಹುದು, ಮೂಲ ಫೈಲ್ ಮಾತ್ರ ಅಳಿಸಬ್ಯಾಡ್ರಿ.

ನಿಮ್ಮ ಮನಿಯಾಗೂ ಹಾಡೋರು ಇದ್ರ, ಈ ರವಿವಾರ ಫೋನ್ ಚಾರ್ಜ್ ಮಾಡಕೊಂಡು ಅವರ ಮುಂದ ಕೂಡ್ರಿ.