‘ಈ ಪ್ರಾಯದಲ್ಲಿ ಅದೆಲ್ಲ ಬರುವುದಿಲ್ಲ’



ಒಂದೇ ಮನೆಯ ಇಬ್ಬರು ಹೆಂಗಸರಿಗೆ ಸ್ತನ ಕ್ಯಾನ್ಸರ್ ಬಂದ ಕಥೆಯಿದು. ಒಬ್ಬರು ನನ್ನ ಅತ್ತೆ, ಇನ್ನೊಬ್ಬಳು ನಾನು. ಅತ್ತೆಗೆ ಬಂದಾಗ ಅವರಿಗೆ 64 ವರ್ಷ. ಮೂರು ವರ್ಷದ ಬಳಿಕ ನನಗೂ ಬಂತು. ಆಗ ನನಗೆ 33.

ಮಗುವಿಗೆ ಹಾಲುಣಿಸುತ್ತಿದ್ದ ದಿನಗಳವು. ಎಡ ಎದೆಯಲ್ಲಿ ಅಡಿಕೆಯಷ್ಟು ದೊಡ್ಡ ಗಂಟೊಂದು ಕೈಗೆ ಸಿಕ್ಕಿತು. ನೋವಿರಲಿಲ್ಲ. ಉಮ್ಮನಿಗೆ ಹೇಳಿದೆ. “ಹಾಲು ಕಟ್ಟಿರಬೇಕು, ಶಾಖ ಕೊಡು” ಎಂದರು. ವೈದ್ಯರೂ “ಈ ಪ್ರಾಯದಲ್ಲಿ ಅದೆಲ್ಲ ಬರುವುದಿಲ್ಲ” ಎಂದು ಮಾತ್ರೆ ಬರೆದುಕೊಟ್ಟರು. ನನಗೂ ಬೇಕಾಗಿದ್ದುದು ಅದೇ ಮಾತು. ಐದು ತಿಂಗಳು ಸುಮ್ಮನಿದ್ದೆ. ಕೊನೆಗೆ ಹಟ ಹಿಡಿದು ಬೇರೆ ಆಸ್ಪತ್ರೆಗೆ ಕರೆದೊಯ್ದವರು ಅತ್ತೆ. “ನನಗೂ ನೋವಿರಲಿಲ್ಲ ಮಗಳೇ” ಎಂದಷ್ಟೇ ಹೇಳಿದರು. ಪರೀಕ್ಷೆ ಮಾಡಿದಾಗ ರೋಗ ಕಂಕುಳಿನ ಗ್ರಂಥಿಗೂ ತಲುಪಿತ್ತು. ಕಿಮೊಥೆರಪಿಗಾಗಿ ಹಾಲುಣಿಸುವುದನ್ನು ನಿಲ್ಲಿಸಬೇಕಾಯಿತು. ಮಗು ಅತ್ತು ಅತ್ತು ನಿದ್ದೆಹೋದ ಆ ರಾತ್ರಿಯನ್ನು ನಾನು ಮರೆತಿಲ್ಲ.

ಹೆಸರು ಒಂದೇ ಆದರೂ ನಮ್ಮಿಬ್ಬರ ರೋಗ ಒಂದೇ ಆಗಿರಲಿಲ್ಲ. ಅತ್ತೆಯದು ಹಾರ್ಮೋನಿನ ಆಸರೆಯಲ್ಲಿ ನಿಧಾನವಾಗಿ ಬೆಳೆಯುವ ಬಗೆ. ಶಸ್ತ್ರಚಿಕಿತ್ಸೆಯ ಬಳಿಕ ಐದು ವರ್ಷ ದಿನಕ್ಕೊಂದು ಮಾತ್ರೆ ನುಂಗಿದರು. ನನ್ನದು ‘ಟ್ರಿಪಲ್ ನೆಗೆಟಿವ್’. ಅದಕ್ಕೆ ಆ ಮಾತ್ರೆ ನಾಟುವುದಿಲ್ಲ. 40ರೊಳಗಿನವರಲ್ಲಿ ಇಂಥ ವೇಗದ ಬಗೆ ಹೆಚ್ಚು. ಎಳೆ ಪ್ರಾಯದವರು ಬೇಗ ಗುಣವಾಗುತ್ತಾರೆಂದು ನಾವು ತಿಳಿಯುತ್ತೇವೆ. ಆದರೆ ಈ ರೋಗದಲ್ಲಿ 50-60ರ ಪ್ರಾಯದವರಿಗಿಂತ ಅವರಿಗೇ ಮರುಕಳಿಸುವ ಭಯ ಹೆಚ್ಚು. ಎಳೆಯರ ಸ್ತನ ದಟ್ಟವಾಗಿರುವುದರಿಂದ ಮ್ಯಾಮೋಗ್ರಾಮ್‌ನಲ್ಲೂ ಗಂಟು ಮರೆಯಾಗಬಹುದು. ಅದಕ್ಕೇ ಅವರಿಗೆ ಅಲ್ಟ್ರಾಸೌಂಡ್ ಮಾಡಿಸುತ್ತಾರೆ.

ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಒಂದು ದೊಡ್ಡ ಅಧ್ಯಯನ ಆರಂಭಿಸಿದರು. ಅದರಲ್ಲಿ 35ರಿಂದ 64 ವರ್ಷದ ಒಂದೂವರೆ ಲಕ್ಷ ಮಹಿಳೆಯರಿದ್ದರು. ಒಂದು ಗುಂಪಿನವರನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದರು. 2021ರಲ್ಲಿ ಫಲಿತಾಂಶ ಪ್ರಕಟವಾಯಿತು. 50 ದಾಟಿದವರಲ್ಲಿ ಈ ರೋಗದ ಸಾವು ಸುಮಾರು ಶೇ. 30ರಷ್ಟು ಇಳಿದಿತ್ತು. ಅದಕ್ಕಿಂತ ಕಿರಿಯರಲ್ಲಿ ಅಂಥ ಲಾಭ ಕಾಣಲಿಲ್ಲ. ಹಿರಿಯರ ಪಾಲಿಗೆ ತಪಾಸಣೆ ಜೀವ ಉಳಿಸುವ ಸಾಧನ. ಕಿರಿಯರು ಮಾತ್ರ ಮುಂದಿನ ತಪಾಸಣೆಗೆಂದು ಕಾಯುವಂತಿಲ್ಲ. ಗಂಟು, ತೊಟ್ಟಿನಿಂದ ರಕ್ತ, ಚರ್ಮದಲ್ಲಿ ಗುಳಿ, ಯಾವುದು ಕಂಡರೂ ಆ ವಾರವೇ ತೋರಿಸಬೇಕು. ಹಾಲುಣಿಸುವವರಲ್ಲೂ ಗಂಟು ಕರಗದಿದ್ದರೆ ಪರೀಕ್ಷೆ ಕೇಳಿ ಮಾಡಿಸಿಕೊಳ್ಳಿ. ಮುಂದೆ ಮಕ್ಕಳು ಬೇಕೆನ್ನುವವರು ಅದನ್ನು ಚಿಕಿತ್ಸೆಗೆ ಮೊದಲೇ ವೈದ್ಯರಿಗೆ ಹೇಳಲಿ.

ಹಿರಿಯರಲ್ಲಿ ಇನ್ನೊಂದು ತೊಂದರೆಯಿದೆ. “ಈ ಮುಪ್ಪಿನಲ್ಲಿ ಯಾರಿಗೆ ತೋರಿಸಲಿ?” ಎಂಬ ನಾಚಿಕೆಯಿಂದ ಗಂಟನ್ನು ಸೆರಗಿನಡಿ ಮುಚ್ಚಿಡುತ್ತಾರೆ. ಮಹಿಳಾ ವೈದ್ಯರಿದ್ದಾರೆ. ಸರಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ 30 ದಾಟಿದವರನ್ನು ಪರೀಕ್ಷಿಸುವ ಕಾರ್ಯಕ್ರಮವೂ ಇದೆ. ಸೊಸೆಯಂದಿರು ಜೊತೆಗೆ ಹೋದರೆ ಅರ್ಧ ಭಯ ಅಲ್ಲೇ ಹೋಗುತ್ತದೆ.

ಒಂಬತ್ತು ವರ್ಷಗಳು ಕಳೆದಿವೆ. ಅತ್ತೆಗೆ ಈಗ 76, ನನಗೆ 42. ತಪಾಸಣೆಗೆ ಇಬ್ಬರೂ ಒಂದೇ ಆಟೋದಲ್ಲಿ ಹೋಗುತ್ತೇವೆ. ಆ ಐದು ತಿಂಗಳು ಮಾತ್ರ ನನಗೆ ಮರಳಿ ಸಿಗುವುದಿಲ್ಲ. ನೀವು ಅದನ್ನು ಕಳೆದುಕೊಳ್ಳಬೇಡಿ.