ಮಣ್ಣಿನ ರಾಜಧಾನಿ ಶಿಯಾನ್

ಶಿಯಾನ್ ನಗರದ ಕೋಟೆಗೋಡೆಯ ಮೇಲೆ ಬಾಡಿಗೆಗೆ ಸೈಕಲ್ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ತಮಾಷೆ ಅನ್ನಿಸೀತು. ದಕ್ಷಿಣ ದ್ವಾರದ ಮೆಟ್ಟಿಲು ಹತ್ತಿ ಮೇಲೆ ಬಂದರೆ ನಂಬದೆ ಬೇರೆ ದಾರಿಯಿಲ್ಲ. ಗೋಡೆಯ ನೆತ್ತಿಯೇ 12ರಿಂದ 14 ಮೀಟರ್ ಅಗಲ. ಎತ್ತರ 12 ಮೀಟರ್, ಸುತ್ತಳತೆ ಸುಮಾರು 13.7 ಕಿಲೋಮೀಟರ್. ಇಟ್ಟಿಗೆ ಹಾಸಿನ ಮೇಲೆ ಸೈಕಲ್ ಗಡಗಡ ಸದ್ದು ಮಾಡುತ್ತ ಓಡುತ್ತದೆ. ಒಂದು ಮಗ್ಗುಲಲ್ಲಿ ನೀರು ತುಂಬಿದ ಕಂದಕ, ಇನ್ನೊಂದು ಮಗ್ಗುಲಲ್ಲಿ ಬೂದುಬಣ್ಣದ ಹೆಂಚಿನ ಮಾಡುಗಳು. ತುಳಿಯುತ್ತ ತುಳಿಯುತ್ತ ಕಾಲು ಸೋತರೂ ಗೋಡೆ ಮುಗಿಯುವುದಿಲ್ಲ.

ಚಿತ್ರದುರ್ಗದ ಬಂಡೆ, ಹಂಪಿಯ ಕಲ್ಲುಚಪ್ಪಡಿ ನೋಡಿ ಬೆಳೆದ ಕಣ್ಣು ಕೋಟೆ ಎಂದೊಡನೆ ಕಲ್ಲನ್ನೇ ಹುಡುಕುತ್ತದೆ. ಇಲ್ಲಿ ಕಲ್ಲಿಲ್ಲ. ಹೊರಗೆ ಕಾಣುವ ಇಟ್ಟಿಗೆ ಕೂಡ 1568ರಲ್ಲಿ ಹೊದಿಸಿದ ಅಂಗಿ. ಅದರೊಳಗೆ ಇರುವುದು 1370ರ ದಶಕದಲ್ಲಿ ಮಿಂಗ್ ಅರಸರ ಕಾಲದ ಜನ ಪದರ ಪದರವಾಗಿ ಸುರಿದು, ದಮ್ಮಸು ಮಾಡಿ ಗಟ್ಟಿಗೊಳಿಸಿದ ಹಳದಿ ಮಣ್ಣು. ಬುಡದ ಪದರಕ್ಕೆ ಸುಣ್ಣವನ್ನೂ ಅಂಟಕ್ಕಿಯ ಗಂಜಿಯನ್ನೂ ಬೆರೆಸಿದ್ದರು ಎನ್ನುತ್ತಾರೆ. ಈ ಸೀಮೆಯ ಮಣ್ಣೇ ಅಂಥದ್ದು. ಲಕ್ಷಾಂತರ ವರ್ಷ ಗಾಳಿ ಹೊತ್ತು ತಂದು ರಾಶಿ ಹಾಕಿದ ನುಣುಪು ಧೂಳು ಅದು. ಕಡಿದರೆ ಕುಸಿಯದೆ ನೆಟ್ಟಗೆ ನಿಲ್ಲುತ್ತದೆ. ಹಳ್ಳಿಗಳಲ್ಲಿ ಜನ ಅದನ್ನೇ ಕೊರೆದು ಗುಹೆಮನೆ ಮಾಡಿಕೊಂಡು ಬಾಳಿದ್ದಾರೆ. ರಾಜರೂ ಆ ಮಣ್ಣನ್ನೇ ನೆಚ್ಚಿದರು.

ಇಷ್ಟು ದೊಡ್ಡ ಕೋಟೆ, ಶಿಯಾನ್ ಊರಿನ ಹಳೆಯ ರೂಪವಾದ ಚಾಂಗಾನ್‌ನ ಒಂದು ತುಣುಕು ಮಾತ್ರ ಎಂದು ತಿಳಿದಾಗ ತಲೆ ಗಿರ್ರೆನ್ನುತ್ತದೆ. ಕ್ರಿ.ಶ. 582ರಲ್ಲಿ ಸೂಯಿ ವಂಶದವರು ನಕ್ಷೆ ಹಾಕಿ ಕಟ್ಟಲು ಶುರುಮಾಡಿ, ತಾಂಗ್ ಅರಸರ ಕಾಲಕ್ಕೆ ಮೆರೆದ ಆ ರಾಜಧಾನಿಯ ವಿಸ್ತಾರ ಸುಮಾರು 84 ಚದರ ಕಿಲೋಮೀಟರ್. ಈಗಿನ ಕೋಟೆಯಂಥವು ಏಳು ಅದರೊಳಗೆ ಹಿಡಿಯುತ್ತಿದ್ದವು. ಚೌಕಾಬಾರದ ಮನೆಗಳಂತೆ ಗೆರೆ ಎಳೆದು ವಿಂಗಡಿಸಿದ ನೂರಕ್ಕೂ ಹೆಚ್ಚು ಕೇರಿಗಳು. ಒಂದೊಂದಕ್ಕೂ ಅದರದೇ ಗೋಡೆ, ಅದರದೇ ಬಾಗಿಲು. ಸಂಜೆ ನಗಾರಿ ಮೊಳಗಿದೊಡನೆ ಬಾಗಿಲುಗಳೆಲ್ಲ ಬಂದ್. ನಡುವಿನ ರಾಜಬೀದಿಯ ಅಗಲ ಸುಮಾರು 150 ಮೀಟರ್. ಪಶ್ಚಿಮದ ಪೇಟೆಯಲ್ಲಿ ಪರ್ಷಿಯಾದವರು, ಸೊಗ್ದಿಯಾದವರು ವ್ಯಾಪಾರಕ್ಕೆ ಕೂರುತ್ತಿದ್ದರು. ಜಪಾನಿನ ನಾರಾ, ಕ್ಯೋಟೊ ನಗರಗಳು ಇದೇ ನಕ್ಷೆಯನ್ನು ನೋಡಿ ಎದ್ದಂಥವು.

ಅದೆಲ್ಲ ಎಲ್ಲಿ ಹೋಯಿತು? 904ರಲ್ಲಿ ಜು ವೆನ್ ಎಂಬ ದಂಡನಾಯಕ ಚಕ್ರವರ್ತಿಯನ್ನು ಬಲವಂತವಾಗಿ ಲುವೊಯಾಂಗ್‌ಗೆ ಸಾಗಿಸಿದ. ಜೊತೆಗೆ ಊರಿನ ಜನರನ್ನೂ ಎಬ್ಬಿಸಿದ. ಅರಮನೆ, ಮನೆಗಳನ್ನು ಕಳಚಿ, ತೊಲೆ ಕಂಬಗಳನ್ನು ವೇ ನದಿಗೆ ಹಾಕಿ ತೇಲಿಸಿಬಿಟ್ಟ. ಜಗತ್ತಿನ ಅತಿ ದೊಡ್ಡ ನಗರಗಳಲ್ಲಿ ಒಂದು ಹೊಳೆಯ ಮೇಲೆ ಮರದ ದಿಮ್ಮಿಯಾಗಿ ತೇಲಿಹೋಯಿತು! ಮರದ್ದು ನೀರು ಪಾಲು, ಉಳಿದದ್ದು ಮಣ್ಣು. ತಾಂಗ್ ಅರಸರ ದಾಮಿಂಗ್ ಅರಮನೆ ಇದ್ದ ಜಾಗ ಈಗ ವಿಶಾಲವಾದ ಉದ್ಯಾನ. ದರ್ಬಾರು ನಡೆಯುತ್ತಿದ್ದ ಜಗತಿಯ ಮೇಲೆ ನಿಂತರೆ ಎದುರಿಗೆ ಬಯಲೋ ಬಯಲು. ಗಾಳಿಪಟ ಹಾರಿಸುವ ಮಕ್ಕಳು, ನಡಿಗೆಗೆ ಬಂದ ಅಜ್ಜಂದಿರು.

ಕಲ್ಲು ಅಪರೂಪವಾದ ಈ ಊರು ಸಿಕ್ಕ ಕಲ್ಲನ್ನು ಅಕ್ಷರಕ್ಕೆ ಮೀಸಲಿಟ್ಟಿತೇನೋ! ದಕ್ಷಿಣ ದ್ವಾರದ ಹತ್ತಿರವೇ ಇರುವ ಶಿಲಾಶಾಸನಗಳ ವನವನ್ನು ಹೊಕ್ಕರೆ ಹಾಗನ್ನಿಸುತ್ತದೆ. 837ರಲ್ಲಿ ಮುಗಿದ ಕನ್‌ಫ್ಯೂಷಿಯನ್ ಶಾಸ್ತ್ರಗ್ರಂಥಗಳ ಸಾಲು ಅಲ್ಲಿದೆ: 114 ಬಂಡೆಗಳು, ಎರಡೂ ಮಗ್ಗುಲಲ್ಲಿ ಒತ್ತೊತ್ತಾಗಿ ಆರೂವರೆ ಲಕ್ಷ ಅಕ್ಷರಗಳು. ನಕಲು ಮಾಡುವವರ ಕೈತಪ್ಪಿನಿಂದ ಪಾಠ ಕೆಡದಿರಲೆಂದು ಇಡೀ ಪಠ್ಯವನ್ನೇ ಕಲ್ಲಿಗೆ ಇಳಿಸಿದ್ದಾರೆ. ಅದೇ ವನದಲ್ಲಿ 781ರ ಇನ್ನೊಂದು ಕಲ್ಲು ಚೀನಾಕ್ಕೆ ಬಂದ ಸಿರಿಯಾಕ್ ಕ್ರೈಸ್ತರ ಕಥೆ ಹೇಳುತ್ತದೆ. ಅದರ ಮೇಲೆ ಚೀನೀ ಅಕ್ಷರಗಳ ಜೊತೆ ಸಿರಿಯಾಕ್ ಲಿಪಿಯೂ ಇದೆ.

ಕಲ್ಲು ಬೇಕೆಂದು ಕೇಳಿ ಇಟ್ಟಿಗೆ ಪಡೆದವನೂ ಒಬ್ಬನಿದ್ದ. ನಾವು ಶಾಲೆಯಲ್ಲಿ ಓದಿದ ಹ್ಯೂಯೆನ್‌ತ್ಸಾಂಗ್. ಭಾರತವೆಲ್ಲ ಅಲೆದು 645ರಲ್ಲಿ ಅವನು ಚಾಂಗಾನ್‌ಗೆ ಮರಳಿದಾಗ ತಂದದ್ದು 657 ಗ್ರಂಥಗಳು. ಅವನ್ನು ಬೆಂಕಿಯಿಂದ, ಕಾಲದಿಂದ ಕಾಪಾಡಲು ಎತ್ತರದ ಕಲ್ಲಿನ ಸ್ತೂಪ ಬೇಕೆಂದು ಚಕ್ರವರ್ತಿಯ ಮುಂದೆ ಬಿನ್ನಹ ಮಾಡಿದ. ಕಲ್ಲಿನದಾದರೆ ಮುಗಿಯುವುದು ಕಷ್ಟ, ಇಟ್ಟಿಗೆಯಲ್ಲಿ ಕಟ್ಟಿಸು ಎಂದು ಅಪ್ಪಣೆಯಾಯಿತು. 652ರಲ್ಲಿ ಕೆಲಸ ಶುರುವಾದಾಗ, ದೇಶವೇ ಗೌರವಿಸುತ್ತಿದ್ದ ಆ ಪಂಡಿತ ತಾನೇ ಬುಟ್ಟಿ ಹೊತ್ತು ಇಟ್ಟಿಗೆ ಸಾಗಿಸಿದನಂತೆ. ಒಳಗೆ ಮಣ್ಣು, ಹೊರಗೆ ಇಟ್ಟಿಗೆಯಿದ್ದ ಆ ಸ್ತೂಪ ಬೇಗ ಶಿಥಿಲವಾಗಿ, ಮುಂದೆ ಹೊಸದಾಗಿ ಎದ್ದು, ಈಗ ಏಳು ಅಂತಸ್ತಿನ ದೊಡ್ಡ ಹೆಬ್ಬಾತು ಪಗೋಡವಾಗಿ ನಿಂತಿದೆ. ಎತ್ತರ 64 ಮೀಟರಿಗೂ ಮಿಗಿಲು. ಕನ್ನಡಿಗನಿಗೆ ಇಲ್ಲಿ ಮೈ ಜುಮ್ಮೆನ್ನಲು ಬೇರೆಯೇ ಕಾರಣವುಂಟು. 646ರಲ್ಲಿ ಹ್ಯೂಯೆನ್‌ತ್ಸಾಂಗ್ ಒಪ್ಪಿಸಿದ ಪ್ರವಾಸ ವೃತ್ತಾಂತದಲ್ಲಿ ನಮ್ಮ ಬಾದಾಮಿಯ ಇಮ್ಮಡಿ ಪುಲಕೇಶಿ ಇದ್ದಾನೆ. ಹರ್ಷನಿಗೆ ಬಗ್ಗದ ಅರಸ, ಯುದ್ಧಕ್ಕೆ ಮುನ್ನ ಮದ್ಯ ಕುಡಿಸಿ ಮತ್ತೇರಿಸಿದ ಆನೆಗಳು, ಸೋತು ಬಂದ ಸೇನಾನಿಗೆ ಹೆಣ್ಣುಡುಗೆ ಕೊಟ್ಟು ನಾಚಿಸುವ ಪದ್ಧತಿ, ಎಲ್ಲವೂ ಅಲ್ಲಿವೆ. ಐಹೊಳೆಯ ಗುಡಿಯ ಗೋಡೆಯ ಮೇಲೆ ಕವಿ ರವಿಕೀರ್ತಿ ಕೆತ್ತಿಸಿದ ಅವನ ಕೀರ್ತಿ, ಹನ್ನೆರಡೇ ವರ್ಷಗಳ ನಂತರ ಈ ಮಣ್ಣಿನ ಊರಿನಲ್ಲಿ ಚೀನೀ ಅಕ್ಷರಗಳಲ್ಲಿ ದಾಖಲಾಯಿತು.

ಪಗೋಡದಿಂದ ಊರೊಳಗೆ ಬಂದರೆ ಮುಸ್ಲಿಂ ಕೇರಿಯ ಗದ್ದಲ. ಸಂದಿಯೊಂದರ ಕೊನೆಗೆ ಇರುವ ಮಹಾ ಮಸೀದಿಗೆ ಗುಮ್ಮಟವಿಲ್ಲ, ಚೀನೀ ಮಾಡಿನ ಮಂಟಪಗಳು, ಹೂದೋಟಗಳು. ಹೊರಗೆ ಬಟ್ಟಲು ತುಂಬ ಕುರಿಮಾಂಸದ ಸಾರು. ರೊಟ್ಟಿಯನ್ನು ನಾವೇ ಚೂರುಚೂರು ಮುರಿದು ಕೊಡಬೇಕು, ಅಡುಗೆಯವರು ಅದನ್ನು ಸಾರಿನಲ್ಲಿ ಕುದಿಸಿ ತರುತ್ತಾರೆ.

ಊರಿನ ಪೂರ್ವಕ್ಕೆ ಲಿನ್‌ತೊಂಗ್ ಕಡೆ ಹೊರಟರೆ ದಾಳಿಂಬೆ ತೋಟಗಳು. 1974ರ ಮಾರ್ಚ್‌ನಲ್ಲಿ ಅಲ್ಲಿನ ರೈತರು ಬಾವಿ ತೋಡುವಾಗ ಮಣ್ಣಿನ ತಲೆಯೊಂದು ಸಿಕ್ಕಿತು. ಮೊದಲ ಗುಂಡಿಯ ಮೇಲೆ ಈಗ ಭಾರಿ ಚಾವಣಿ ಹಾಕಿದ್ದಾರೆ. 230 ಮೀಟರ್ ಉದ್ದ, 62 ಮೀಟರ್ ಅಗಲದ ಆ ಹಳ್ಳದ ಅಂಚಿಗೆ ಬಂದು ಬಗ್ಗಿ ನೋಡಿದಾಗ ಬಾಯಿಂದ ಮಾತು ಹೊರಡಲಿಲ್ಲ. ಸಾಲು ಸಾಲು ಸೈನಿಕರು, ಎದೆ ಸೆಟೆಸಿ ನಿಂತ ಆಳೆತ್ತರದ ಮಣ್ಣಿನ ಗಂಡಸರು. ಒಬ್ಬನ ಮೀಸೆ ಇನ್ನೊಬ್ಬನಿಗಿಲ್ಲ, ಒಬ್ಬನ ತುರುಬು ಇನ್ನೊಬ್ಬನದಲ್ಲ. ಮೂರು ಗುಂಡಿಗಳಲ್ಲಿ ಒಟ್ಟು ಸುಮಾರು 8,000 ಮಂದಿ ಇರಬಹುದೆಂಬ ಅಂದಾಜು. ಹೆಚ್ಚಿನವರು ಇನ್ನೂ ನೆಲದೊಳಗೇ ಇದ್ದಾರೆ. ಹಿಂದಿನ ಸಾಲುಗಳತ್ತ ನಡೆದರೆ ಬೇರೆಯೇ ನೋಟ. ಕೈ, ಕಾಲು, ಮುಂಡಗಳ ರಾಶಿ. ಮೇಲಿದ್ದ ಮರದ ಚಾವಣಿ ಕುಸಿದು ಸೈನಿಕರೆಲ್ಲ ಚೂರಾಗಿದ್ದರು. ನಾವು ನೋಡುವ ಒಬ್ಬೊಬ್ಬನನ್ನೂ ಚೂರು ಚೂರು ಕೂಡಿಸಿ ಎಬ್ಬಿಸಿ ನಿಲ್ಲಿಸಿದ್ದಾರೆ. ಇವರಿಗೆಲ್ಲ ಕೆಂಪು, ಹಸಿರು, ನೇರಳೆ ಬಣ್ಣವೂ ಇತ್ತು. ಅಗೆದು ತೆಗೆದಾಗ ಒಣಗಾಳಿ ತಾಗಿ ಕೆಲವೇ ನಿಮಿಷಗಳಲ್ಲಿ ಬಣ್ಣದಡಿಯ ಅರಗು ಸುರುಳಿಸುತ್ತಿ ಉದುರಿಹೋಯಿತು.

ಉದುರಿದ ಬಣ್ಣ ಕಲಿಸಿದ ಪಾಠದ ಬೆಲೆ ತಿಳಿಯಬೇಕಾದರೆ ಅಲ್ಲಿಂದ ಒಂದೂವರೆ ಕಿಲೋಮೀಟರ್ ಪಶ್ಚಿಮಕ್ಕಿರುವ ಗುಡ್ಡಕ್ಕೆ ಹೋಗಬೇಕು. ಕ್ರಿ.ಪೂ. 221ರಲ್ಲಿ ಚೀನಾವನ್ನು ಒಂದುಗೂಡಿಸಿದ ಚಿನ್ ಶಿ ಹ್ವಾಂಗ್, ಈ ಮಣ್ಣಿನ ಸೈನ್ಯ ಕಾಯುತ್ತಿರುವ ಚಕ್ರವರ್ತಿ, ಮಲಗಿರುವುದು ಅದರಡಿ. ಒಳಗೆ ಪಾದರಸದ ನದಿಗಳು ಹರಿಯುತ್ತವೆಂದು ಇತಿಹಾಸಕಾರ ಸಿಮಾ ಚಿಯೆನ್ ಬರೆದಿಟ್ಟ. ಮಣ್ಣಿನ ಪರೀಕ್ಷೆಯಲ್ಲಿ ಪಾದರಸದ ಅಂಶ ಹೆಚ್ಚಾಗಿಯೇ ಕಂಡಿದೆ. ಆದರೂ ಸಮಾಧಿಯನ್ನು ತೆರೆದಿಲ್ಲ. ಗುದ್ದಲಿಗೂ ದುಡ್ಡಿಗೂ ಬರವಿಲ್ಲದ ದೇಶ, ತೆರೆದರೆ ಕಾಪಾಡಲಾಗದ್ದನ್ನು ಮುಟ್ಟದೆ ಬಿಟ್ಟಿದೆ. ಸೈನ್ಯ ಕಂಡಷ್ಟೇ ಬೆರಗು ನನಗೆ ಈ ಸಂಯಮ ಕಂಡೂ ಆಯಿತು.

ಬಂದವರಲ್ಲಿ ಹಲವರು ಮರ ಬೆಳೆದ ಆ ದಿಬ್ಬವನ್ನೊಮ್ಮೆ ನೋಡಿ, ಮುಖ ಸಪ್ಪಗೆ ಮಾಡಿಕೊಂಡು ವಾಹನದತ್ತ ತಿರುಗುತ್ತಾರೆ. ಶಿಯಾನ್‌ಗೆ ಹೋಗುವವರು ಹಾಗೆ ಮಾಡದೆ ಅದಕ್ಕೊಂದು ಗಂಟೆ ಕೊಡಬೇಕು. ನೋಡಲು ಏನೂ ಇಲ್ಲದ ಜಾಗಕ್ಕೆ ಟಿಕೆಟ್ ತೆತ್ತು ಖುಷಿಯಾಗಿ ವಾಪಸಾಗುವುದನ್ನು ಕಲಿಸುವ ಊರುಗಳು ಹೆಚ್ಚಿಲ್ಲ.