ಬೆಳಿಗ್ಗೆ ಪಾಸ್, ಮಧ್ಯಾಹ್ನ ಫೇಲ್

ಬ್ಯಾಟರಿ ಪ್ಯಾಕ್ ತಯಾರಿಸೋ ಕಾರ್ಖಾನೆಯಲ್ಲಿ ಕ್ವಾಲಿಟಿ ಇಂಜಿನಿಯರ್ ಅಂದ ಕೂಡಲೇ ನೆಂಟರಿಷ್ಟರು ಕೇಳೋದು ಒಂದೇ ಪ್ರಶ್ನೆ: "ಅದಕ್ಕೆ ಬೆಂಕಿ ಹತ್ತಲ್ವಾ?" ಮದುವೆ ಮನೆಯ ಪಂಕ್ತಿಯಲ್ಲಿ ಕೂತು ಇದಕ್ಕೆ ಪೂರ್ತಿ ಉತ್ತರ ಕೊಡೋಕಾಗಲ್ಲ. ಎಲೆಗೆ ಸಾರು ಬರೋ ಹೊತ್ತಿಗೆ ಮಾತು ಇನ್ನೆಲ್ಲಿಗೋ ಹೋಗಿರುತ್ತೆ. ಹಾಗಾಗಿ ಇಲ್ಲಿ ಬರೀತಿದ್ದೀನಿ.

ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿ ಅಂದ್ರೆ ಒಂದೇ ದೊಡ್ಡ ಡಬ್ಬಿ ಅಲ್ಲ. ನಾವು ಮಾಡೋ ಪ್ಯಾಕ್‌ನಲ್ಲಿ 21 ಮಿ.ಮೀ. ದಪ್ಪ, 70 ಮಿ.ಮೀ. ಉದ್ದದ 224 ಸೆಲ್‌ಗಳಿವೆ. 16 ಸೆಲ್ ಪಕ್ಕಪಕ್ಕ ಸೇರಿಸಿದ್ರೆ ಒಂದು ಗುಂಪು. ಅಂಥ 14 ಗುಂಪುಗಳು ಒಂದರ ಹಿಂದೆ ಒಂದು. ಪ್ರತಿ ಸೆಲ್‌ನ ಎರಡೂ ತುದಿಗೆ ತೆಳ್ಳನೆಯ ನಿಕ್ಕಲ್ ಪಟ್ಟಿ ಇಟ್ಟು ಸ್ಪಾಟ್ ವೆಲ್ಡ್ ಮಾಡಬೇಕು. ಅಲ್ಲಿಗೆ 448 ಬೆಸುಗೆ.

ಚೆನ್ನಾಗಿ ಕೂತ ಬೆಸುಗೆಯ ರೆಸಿಸ್ಟೆನ್ಸ್ ನಮ್ಮಲ್ಲಿ ಸುಮಾರು 100 ಮೈಕ್ರೋ ಓಮ್, ಅಂದ್ರೆ ಒಂದು ಓಮ್‌ನ ಹತ್ತು ಸಾವಿರದಲ್ಲಿ ಒಂದು ಪಾಲು. ಅದು 2,000ಕ್ಕೆ ಏರಿದರೆ, ಅಷ್ಟೇ ಕರೆಂಟಿಗೆ ಆ ಜಾಗದಲ್ಲಿ ಇಪ್ಪತ್ತು ಪಟ್ಟು ಶಾಖ ಹುಟ್ಟುತ್ತೆ. ಗುಂಪಿನಲ್ಲಿ ಉಳಿದ 15 ಸೆಲ್‌ಗಳು ಅದರ ಭಾರ ಹಂಚಿಕೊಳ್ಳೋದ್ರಿಂದ ತಿಂಗಳುಗಟ್ಟಲೆ ಏನೂ ಗೊತ್ತಾಗಲ್ಲ. ಹೊರೆ ಹೊತ್ತ ಸೆಲ್‌ಗಳು ಬೇಗ ಸವೆಯುತ್ತವೆ. ನಮ್ಮ ರಸ್ತೆ ಗುಂಡಿಗಳಲ್ಲಿ ಕುಲುಕಿ ಕುಲುಕಿ ಅರೆಬರೆ ಬೆಸುಗೆ ಇನ್ನಷ್ಟು ಸಡಿಲವಾಗುತ್ತೆ.

ಇಷ್ಟು ಚಿಕ್ಕ ಸಂಖ್ಯೆಯನ್ನು ಅಳೆಯೋದು ಹೇಗೆ? ಮನೆಯ ಮಲ್ಟಿಮೀಟರ್ ಸಾಲದು. ಅದರ ವೈರುಗಳ ರೆಸಿಸ್ಟೆನ್ಸೇ 0.2 ಓಮ್ ಇದ್ರೆ, ಬೆಸುಗೆಗಿಂತ ಎರಡು ಸಾವಿರ ಪಟ್ಟು ಜಾಸ್ತಿ ಆಯ್ತು. ಲಾರಿ ತೂಗೋ ವೇಬ್ರಿಡ್ಜ್ ಮೇಲೆ ಮೂಗುತಿ ಇಟ್ಟ ಹಾಗೆ. ಇದಕ್ಕೆ ದಾರಿ ತೋರಿಸಿದವರು ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಆದವರು, 1861ರಷ್ಟು ಹಿಂದೆಯೇ. ಇವತ್ತು ಅದನ್ನು ನಾಲ್ಕು ವೈರುಗಳಲ್ಲಿ ಮಾಡ್ತೀವಿ. ಎರಡು ವೈರು ಕರೆಂಟ್ ಕಳಿಸುತ್ತವೆ, ಇನ್ನೆರಡು ಬೆಸುಗೆಯ ಆಚೆ ಈಚೆ ನಿಂತು ವೋಲ್ಟೇಜ್ ಮಾತ್ರ ನೋಡುತ್ತವೆ. ನೋಡೋ ವೈರುಗಳಲ್ಲಿ ಕರೆಂಟ್ ಹರಿಯೋದೇ ಇಲ್ಲ ಅನ್ನುವಷ್ಟು ಕಡಿಮೆ, ಆದ್ದರಿಂದ ಅವುಗಳ ರೆಸಿಸ್ಟೆನ್ಸ್ ಲೆಕ್ಕಕ್ಕೆ ಬರಲ್ಲ.

ಕೇಳೋಕೆ ಸುಲಭ. ಆದ್ರೆ ಒಂದು ತಿಂಗಳ ಕೊನೆಯಲ್ಲಿ ನಮ್ಮ ಲೈನ್‌ನಲ್ಲಿ 12 ಪ್ಯಾಕ್‌ಗಳು ಫೇಲ್ ಆಗಿ ಪಕ್ಕಕ್ಕೆ ಕೂತವು. ಮಿತಿ 150 ಮೈಕ್ರೋ ಓಮ್. ಓದುತ್ತಿದ್ದದ್ದು 160, 170, 190. ಮೀಟಿಂಗ್‌ನಲ್ಲಿ ಎರಡು ಸಲಹೆ ಬಂದವು. ಒಂದು, "ಲಿಮಿಟ್ 200 ಮಾಡಿಬಿಡಿ, ಇವತ್ತೇ ಡಿಸ್ಪ್ಯಾಚ್ ಆಗಲಿ." ಇನ್ನೊಂದು, ವೆಲ್ಡಿಂಗ್ ಮೆಷಿನ್ ಮೇಲಿರೋ ಅಕ್ಕ ಗಮನ ಕೊಡ್ತಿಲ್ಲ, ಈ ತಿಂಗಳ ಇನ್ಸೆಂಟಿವ್ ಕಟ್ ಮಾಡಿ. ಮಗಳ ಕಾಲೇಜು ಫೀಸಿಗೆ ಅಂತ ಅವರು ಆ ದುಡ್ಡನ್ನು ಎತ್ತಿಡ್ತಿದ್ದದ್ದು ನನಗೆ ಗೊತ್ತಿತ್ತು.

ಅಕ್ಕ ಮೀಟಿಂಗ್‌ಗೆ ಬಂದಿರಲಿಲ್ಲ, ಯಾರೂ ಕರೆದಿರಲಿಲ್ಲ. ಊಟದ ಬಿಡುವಿನಲ್ಲಿ ನನ್ನ ಹತ್ರ ಒಂದು ಚಿಕ್ಕ ನೋಟ್‌ಬುಕ್ ತಂದು ಹೇಳಿದ್ರು: "ನೋಡಿ ಮೇಡಂ, ಅದೇ ಪ್ಯಾಕು ಬೆಳಿಗ್ಗೆ ಪಾಸು, ಮಧ್ಯಾಹ್ನ ಫೇಲು. ಹಾಕಿದ ಬೆಸುಗೆ ಮಧ್ಯಾಹ್ನಕ್ಕೆ ಬದಲಾಗುತ್ತಾ?"

ಅವತ್ತೇ ಹತ್ತು ಬೆಸುಗೆಗಳನ್ನು ಆರಿಸಿ, ಮೂರು ಜನರ ಕೈಲಿ ಮೂರು ಮೂರು ಸಲ ಅಳೆಸಿದೆ. ಒಂದೇ ಬೆಸುಗೆ ಒಮ್ಮೆ 105, ಇನ್ನೊಮ್ಮೆ 170 ತೋರಿಸ್ತು. ಬೆಸುಗೆ ಬದಲಾಗಿರಲಿಲ್ಲ, ಅಳತೆಯೇ ಅಲ್ಲಾಡ್ತಿತ್ತು.

ಕಾರಣ ಎರಡಿದ್ದವು. ಪಿನ್‌ಗಳನ್ನು ಹಿಡಿಯೋ ಫಿಕ್ಸ್ಚರ್ ಸವೆದು, ಪಿನ್ ಒಂದು ಮಿಲಿಮೀಟರ್ ಅತ್ತಿತ್ತ ಕೂರ್ತಿತ್ತು. ನಮ್ಮ ಪಟ್ಟಿ 0.15 ಮಿ.ಮೀ. ದಪ್ಪ, 8 ಮಿ.ಮೀ. ಅಗಲ; ಅಂಥ ನಿಕ್ಕಲ್ ಪಟ್ಟಿಯಲ್ಲಿ ಒಂದು ಮಿ.ಮೀ. ದೂರಕ್ಕೇ ಸುಮಾರು 60 ಮೈಕ್ರೋ ಓಮ್ ಸೇರಿಕೊಳ್ಳುತ್ತೆ. ಎರಡನೆಯದು ಬಿಸಿ. ಮಧ್ಯಾಹ್ನ ಅವಸರದಲ್ಲಿ ವೆಲ್ಡ್ ಆದ ತಕ್ಷಣ ಅಳೀತಿದ್ರು. ಒಂದೊಂದು ಡಿಗ್ರಿಗೂ ನಿಕ್ಕಲ್‌ನ ರೆಸಿಸ್ಟೆನ್ಸ್ ಸುಮಾರು 0.6% ಏರುತ್ತೆ. ಜೊತೆಗೆ ಬೇರೆ ಬೇರೆ ಲೋಹಗಳು ಕೂಡೋ ಕಡೆ ಶಾಖದ ವ್ಯತ್ಯಾಸ ಇದ್ರೆ ತಾನಾಗಿಯೇ ಸಣ್ಣ ವೋಲ್ಟೇಜ್ ಹುಟ್ಟುತ್ತೆ. ನಮ್ಮ ಮೀಟರ್ ಕಳಿಸೋದು 1 ಆಂಪಿಯರ್. 100 ಮೈಕ್ರೋ ಓಮ್‌ಗೆ ಸಿಗೋದು 100 ಮೈಕ್ರೋ ವೋಲ್ಟ್. ಅದರಲ್ಲಿ ಹತ್ತು ಹೀಗೆ ಸೇರಿಕೊಂಡರೂ 10% ತಪ್ಪು. ಕರೆಂಟನ್ನು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಹರಿಸಿ ಎರಡರ ವ್ಯತ್ಯಾಸದ ಅರ್ಧ ತಗೊಂಡ್ರೆ ಈ ಕಳ್ಳ ವೋಲ್ಟೇಜ್ ಹೊರಗೆ ಹೋಗುತ್ತೆ.

ಫಿಕ್ಸ್ಚರ್ ಬದಲಾಯಿಸಿ, ಪ್ಯಾಕ್ ತಣಿಸಿ, ಕರೆಂಟ್ ತಿರುಗಿಸಿ ಮತ್ತೆ ಅಳೆದೆವು. 11 ಪ್ಯಾಕ್ ನಿರಾಳವಾಗಿ ಪಾಸಾದವು. ಹನ್ನೆರಡನೆಯದರಲ್ಲಿ ಒಂದು ಬೆಸುಗೆ ಎಷ್ಟು ಸಲ ಅಳೆದರೂ 185. ಪಟ್ಟಿ ಎಳೆದು ನೋಡಿದ್ರೆ ಎರಡು ಚುಕ್ಕೆಗಳಲ್ಲಿ ಒಂದು ಹಿಡಿದೇ ಇರಲಿಲ್ಲ. ಮೆಷಿನ್‌ನ ವೆಲ್ಡ್ ತುದಿ ಸವೆದಿತ್ತು, ಬದಲಾಯಿಸೋ ಕೆಲಸ ಮುಂದಕ್ಕೆ ಹೋಗಿತ್ತು. ಮಿತಿಯನ್ನು 200 ಮಾಡಿದ್ದಿದ್ರೆ ಆ ಪ್ಯಾಕ್ ಅವತ್ತೇ ಯಾರದೋ ಸ್ಕೂಟರ್ ಸೀಟಿನ ಕೆಳಗೆ ಹೋಗ್ತಿತ್ತು.

ನಿಮ್ಮ ಆಫೀಸಲ್ಲೂ ಡ್ಯಾಶ್‌ಬೋರ್ಡ್ ಕೆಂಪಾದ ಕೂಡಲೇ "ಯಾರ ತಪ್ಪು" ಅನ್ನೋ ಹುಡುಕಾಟ ಶುರುವಾಗುತ್ತೆ, ಅಲ್ವಾ? ಅದೇ ವಸ್ತುವನ್ನು ಎರಡು ಸಲ ಅಳೆದ್ರೆ ಅದೇ ಸಂಖ್ಯೆ ಬರುತ್ತಾ ಅಂತ ಒಮ್ಮೆ ಕೇಳಿ ನೋಡಿ. ಹತ್ತು ನಿಮಿಷದ ಕೆಲಸ, ಒಬ್ಬರ ಸಂಬಳ ಉಳಿಯಬಹುದು.

ಅಕ್ಕನ ಇನ್ಸೆಂಟಿವ್ ಮುಂದಿನ ಸಂಬಳದ ಜೊತೆ ಬಂತು. ಮೀಟಿಂಗ್‌ನಲ್ಲಿ ಆಡಿದ ಮಾತನ್ನು ಮಾತ್ರ ಯಾರೂ ವಾಪಸ್ ತಗೊಳ್ಳಲಿಲ್ಲ. ಈಗ ಪ್ರತಿ ಶಿಫ್ಟ್ ಶುರುವಾಗೋ ಮುಂಚೆ, ಬೆಲೆ ಖಚಿತವಾಗಿ ಗೊತ್ತಿರೋ 100 ಮೈಕ್ರೋ ಓಮ್‌ನ ಒಂದು ರೆಸಿಸ್ಟರನ್ನು ಅಳೀತೀವಿ. ಆ ಸಂಖ್ಯೆಯನ್ನು ಬರೆಯೋದು ಅಕ್ಕನೇ. ಅದು ತಪ್ಪಿದ್ರೆ ಲೈನ್ ನಿಲ್ಲಿಸೋ ಅಧಿಕಾರವೂ ಅವರದೇ.